ಮಂತ್ರಿಗಳ ಪದವೀಕ್ರಮನಿರ್ಣಯ: ಪ್ರಶಸ್ತಿಗಳ ಪ್ರಾಮಾಣ್ಯವಿಚಾರ

ಕನ್ನಡ ನಾಡನ್ನಾಳಿದ ಅರಸರ ಚರಿತ್ರೆಯು ಬಹುಮಟ್ಟಿಗೆ ಬರೆದಾಗಿದೆಯೆನ್ನಬಹುದು. ಆ ಅರಸರ ಮಗ್ಗುಲಲ್ಲಿ ಕುಳಿತು ಆಲೋಚನೆ ಹೇಳಿದವರ ಚರಿತ್ರೆಗೆ ಮಾತ್ರ ಇನ್ನೂ ಗಟ್ಟಿಯಾದ ತಳಹದಿಯು ಬಿದ್ದಿಲ್ಲ. ಚಾವುಂಡರಾಯ, ದುರ್ಗಸಿಂಹ, ಗಂಗರಾಜ, ಹುಳ್ಳ, ಬಸವಣ್ಣ, ಸಾಳುವ ತಿಮ್ಮರಸು, ಈ ಹೆಸರುಗಳನ್ನು ಕೇಳದ ಸಾಹಿತ್ಯವಿದ್ಯಾರ್ಥಿಯಿಲ್ಲ. ಆದರೆ ಇವರಲ್ಲೊಬ್ಬನು ರಾಜಸೇವೆಯನ್ನು ಹೇಗೆ ಹೊಕ್ಕನು, ಯಾವ ಮೆಟ್ಟಿಲುಗಳನ್ನು ಹತ್ತಿ ಮಂತ್ರಿಯಾದನು, ಅವನ ಅಧಿಕಾರವು ಯಾವ ರೀತಿಯಿಂದ ಕೊನೆಗಂಡಿತು ಎಂದು ಕೇಳಿದರೆ, ದೊರೆಯುವ ಉತ್ತರಗಳು ಹೆಚ್ಚಾಗಿ ಪ್ರಶಸ್ತಿಗಳ ವಿಶೇಷಣಗಳನ್ನು ದಾರಕ್ಕೆ ಪೋಣಿಸಿ ಮಾಡಿದವುಗಳು. ವಿಶೇಷಣವು ಪದವಿಯಲ್ಲ. ವಿಶೇಷಣಗಳ ಕ್ರಮವು ಕಾಲದ ಕ್ರಮವಲ್ಲ. ಇಷ್ಟು ಸುಲಭವಾದ ಮಾತನ್ನು ಮರೆತುದರಿಂದ ಪಾಠಶಾಲೆಗಳಲ್ಲಿ ಹೇಳಲ್ಪಡುವ ಎಷ್ಟೋ ಜೀವನವೃತ್ತಗಳು ನೆಲವಿಲ್ಲದ ಗೋಡೆಗಳಾಗಿ ನಿಂತಿವೆ.

ಇದು ಹಿರಿಯ ಸಂಶೋಧಕರ ದೋಷವಲ್ಲ. ರೈಸ್ ಸಾಹೇಬರು ಶಾಸನಸಂಪುಟಗಳನ್ನು ಹೊರತರದೆ, ಫ್ಲೀಟ್ ಸಾಹೇಬರು ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ವಿಂಗಡಿಸದೆ, ಆರ್. ನರಸಿಂಹಾಚಾರ್ಯರು 1907ರಲ್ಲಿ ಕವಿಚರಿತೆಯ ಮೊದಲನೆಯ ಸಂಪುಟವನ್ನು ಪ್ರಕಟಿಸದೆ ಇದ್ದಿದ್ದರೆ ಈ ವಿಚಾರವನ್ನೆತ್ತಲು ಕೂಡ ಸಾಧ್ಯವಿರಲಿಲ್ಲ. ಅವರು ಕಲ್ಲನ್ನು ಕಡಿದು ಹಾಕಿದರು. ಕಟ್ಟಿದವರು ಬೇರೆಯವರು, ಕಟ್ಟುವಾಗ ತೂಗುಗುಂಡನ್ನು ಹಿಡಿಯಲಿಲ್ಲ.

ಚಾಲುಕ್ಯರ ಕಾಲದ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಅನಂತಪಾಲನು ಬೆಳ್ವೊಲ ಮೂನೂರು, ಪುಲಿಗೆರೆ ಮೂನೂರು, ಬನವಾಸಿ ಮೊದಲಾದ ನಾಡುಗಳ ಆಡಳಿತವನ್ನು ನೋಡುತ್ತಿದ್ದವನು. ಅಣ್ಣಿಗೇರಿ, ಗದಗು, ಲಕ್ಷ್ಮೇಶ್ವರಗಳ ಸುತ್ತಲಿನ ಸೀಮೆಯೆಂದರೆ ಹುಬ್ಬಳ್ಳಿ ಧಾರವಾಡದವರಿಗೆ ಬೇರೆ ಗುರುತು ಬೇಡ. ಇವನನ್ನು ಶಾಸನಗಳು ಮಹಾಪ್ರಧಾನನೆಂದೂ ಬಾಣಸವೆರ್ಗಡೆಯೆಂದೂ ದಂಡನಾಯಕನೆಂದೂ ಕರೆಯುತ್ತವೆ. ಬಾಣಸವೆರ್ಗಡೆಯೆಂದರೆ ಅರಮನೆಯ ಅಡಿಗೆಯ ಮೇಲ್ವಿಚಾರಕ. ಕ್ರಮವನ್ನು ಕಾಲವೆಂದು ಓದುವವನು ಇಲ್ಲಿ ಏನು ಮಾಡಬೇಕು? ಎಡದಿಂದ ಓದಿದರೆ ಮಹಾಪ್ರಧಾನನು ಅಡಿಗೆಮನೆಗೆ ಇಳಿದನು. ಬಲದಿಂದ ಓದಿದರೆ ದಂಡನಾಯಕನು ಅಡಿಗೆಮನೆಯ ಮೂಲಕ ಹಾಯ್ದು ಮಹಾಪ್ರಧಾನನಾದನು. ಎರಡೂ ನಗೆಗೀಡಾದವುಗಳೇ. ಮನೆವೆರ್ಗಡೆ, ಬಾಣಸವೆರ್ಗಡೆ, ಕಡಿತವೆರ್ಗಡೆ, ಸಂಧಿವಿಗ್ರಹಿ, ಶ್ರೀಕರಣ ಎಂಬ ಶಬ್ದಗಳು ಒಬ್ಬನಲ್ಲಿಯೇ ಏಕಕಾಲಕ್ಕೆ ಕೂಡಿರಬಹುದಾದ ಅಧಿಕಾರಗಳು. ಕೆಲವು ನಿಜವಾದ ಕೆಲಸವನ್ನೂ ಕೆಲವು ಅರಮನೆಯೊಳಗಿನ ಸಲುಗೆಯ ಮಾನವನ್ನೂ ಸೂಚಿಸುವಂಥವು. ಇವುಗಳನ್ನು ಏಣಿಯ ಮೆಟ್ಟಿಲುಗಳೆಂದು ತಿಳಿಯುವದಕ್ಕೆ ಆಧಾರವಿಲ್ಲ.

ಹಾಗಾದರೆ ಬಲಾಬಲವನ್ನು ಯಾವ ನ್ಯಾಯದಿಂದ ತೀರ್ಮಾನಿಸಬೇಕು? ಪೂರ್ವಮೀಮಾಂಸೆಯಲ್ಲಿ ಜೈಮಿನಿಯು ವಿನಿಯೋಗನಿರ್ಣಯಕ್ಕಾಗಿ ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯಾ ಎಂಬ ಆರು ಪ್ರಮಾಣಗಳನ್ನು ಹೇಳಿ, ಅವು ಒಂದಕ್ಕೊಂದು ವಿರೋಧಿಸಿದಲ್ಲಿ ಮುಂದಿನದು ಹಿಂದಿನದಕ್ಕಿಂತ ದುರ್ಬಲವೆಂದು ನಿಶ್ಚಯಿಸಿದ್ದಾನೆ. ಯಜ್ಞಾಂಗಗಳಿಗಾಗಿ ಹುಟ್ಟಿದ ನ್ಯಾಯವನ್ನು ಶಾಸನಗಳಿಗೆ ಹಾಗೆಯೇ ಹೊಂದಿಸಲು ಬರುವದಿಲ್ಲವೆಂಬುದು ನಿಜ. ಆದರೂ ಅದರ ಒಳಗಿನ ತತ್ತ್ವವು, ಎಂದರೆ ಅರ್ಥಕ್ಕೆ ಹತ್ತಿರವಾದ ಪ್ರಮಾಣವು ದೂರವಾದುದನ್ನು ಬಾಧಿಸುತ್ತದೆಂಬ ತತ್ತ್ವವು, ಇಲ್ಲಿಯೂ ಸಲ್ಲುತ್ತದೆ. ಇಂಥ ಅರಸನು ಇಂಥವನಿಗೆ ಇಂಥ ಅಧಿಕಾರವನ್ನಿತ್ತನೆಂದು ಬಾಯಿಬಿಟ್ಟು ಹೇಳುವ ಶಾಸನವು ಶ್ರುತಿಯ ಸ್ಥಾನದಲ್ಲಿ ನಿಲ್ಲುವದು. ಒಬ್ಬನು ಸುಂಕವನ್ನು ಬಿಟ್ಟುಕೊಟ್ಟನೆಂದಿದ್ದರೆ, ಅವನನ್ನು ಸುಂಕವೆರ್ಗಡೆಯೆಂದು ಕರೆಯದಿದ್ದರೂ ಸುಂಕದ ಮೇಲೆ ಅವನಿಗೆ ಅಧಿಕಾರವಿದ್ದಿತೆಂದು ತಿಳಿಯುತ್ತದೆ, ಇದು ಲಿಂಗ. ‘ತತ್ಪಾದಪದ್ಮೋಪಜೀವಿ’ ಎಂಬ ಶಬ್ದವು ಯಾರು ಯಾರ ಕೈಕೆಳಗಿದ್ದರೆಂಬುದನ್ನು ವಾಕ್ಯದ ಅನ್ವಯದಿಂದಲೇ ತೋರಿಸಿಕೊಡುವದು. ಬಿರುದಿನ ಹೆಸರು ಸಮಾಖ್ಯೆ, ಆರರಲ್ಲಿ ಕಟ್ಟಕಡೆಯದು. ಜೀವನವೃತ್ತಗಳನ್ನು ಬರೆಯುವವರು ಈ ಕಟ್ಟಕಡೆಯದನ್ನೇ ಮೊದಲು ಮಾಡಿಕೊಂಡಿದ್ದಾರೆ.

ಬಿರುದುಗಳಲ್ಲಿಯೂ ಭೇದವುಂಟು. 978ರಲ್ಲಿ ಬರೆದು ಮುಗಿಸಿದ ಚಾವುಂಡರಾಯಪುರಾಣವು ತನ್ನ ಕರ್ತೃವಿನ ಬಿರುದುಗಳಿಗೆ ಕಾರಣಗಳನ್ನೂ ಹೇಳುತ್ತದೆ. ಖೇಡಗದ ಕಾಳಗದಲ್ಲಿ ವಜ್ಜಳನನ್ನು ಸೋಲಿಸಿದುದರಿಂದ ಸಮರಧುರಂಧರ, ಗೋನೂರ ಬಯಲಲ್ಲಿ ನೊಳಂಬರೊಡನೆ ಕಾದಿದುದರಿಂದ ವೀರಮಾರ್ತಂಡ, ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನನ್ನೆದುರಿಸಿದುದರಿಂದ ರಣರಂಗಸಿಂಗ, ಹೀಗೆ ಪ್ರತಿಯೊಂದು ಹೆಸರಿನ ಹಿಂದೆ ಒಂದು ಊರು, ಒಬ್ಬ ಶತ್ರು, ಒಂದು ಘಟನೆಯಿದೆ. ಸುಳ್ಳಾಡದವನಾದುದರಿಂದ ಸತ್ಯಯುಧಿಷ್ಠಿರನೆಂಬ ಬಿರುದಿಗೆ ಅಂಥ ಘಟನೆಯ ಹಂಗಿಲ್ಲ. ಮೊದಲನೆಯ ಜಾತಿಯ ಬಿರುದನ್ನು ಬೇರೆ ಶಾಸನಗಳೊಡನೆ ಒರೆಗೆ ಹಚ್ಚಿ ನೋಡಬಹುದು. ಎರಡನೆಯದು ಬರಿಯ ಗುಣವಾದ. ಇಷ್ಟನ್ನು ವಿಂಗಡಿಸಿದರೆ ಚಾವುಂಡರಾಯನ ಯುದ್ಧಜೀವನದ ಒಂದು ಸ್ಥೂಲರೇಖೆಯು ದೊರೆಯುತ್ತದೆ. ಆದರೆ ಪುರಾಣವು ಬಿರುದುಗಳನ್ನೆಣಿಸಿದ ಅನುಕ್ರಮದಲ್ಲಿಯೇ ಯುದ್ಧಗಳು ನಡೆದವೆಂದು ಹೇಳಲು ಆ ಗ್ರಂಥವೊಂದೇ ಸಾಲದು.

ಇದಕ್ಕೆ ಸಮರ್ಥನೆಯಾಗಿ ಶ್ರವಣಬೆಳ್ಗೊಳದ ತ್ಯಾಗದ ಬ್ರಹ್ಮದೇವರ ಕಂಬದ ಶಾಸನವನ್ನು ತೋರಿಸುವದುಂಟು. ಅಲ್ಲಿಯೂ ವಜ್ಜಳ, ನೊಳಂಬ, ಚಲದಂಕಗಂಗರ ಪ್ರಸ್ತಾಪವಿರುವದರಿಂದ ಎರಡು ಸಾಕ್ಷಿಗಳು ಕೂಡಿದಂತಾಯಿತೆಂಬ ಸಮಾಧಾನ. ಕೂಡಿದ್ದು ನಿಜ, ಎರಡಾದದ್ದು ನಿಜವಲ್ಲ. ಪುರಾಣವನ್ನು ಬರೆದವನೂ ಕಂಬವನ್ನು ನಿಲ್ಲಿಸಿದವನೂ ಒಬ್ಬನೇ. ಒಬ್ಬನೇ ಸಾಕ್ಷಿಯು ಒಂದೇ ಮಾತನ್ನು ಓಲೆಯ ಮೇಲೊಮ್ಮೆ ಕಲ್ಲಿನ ಮೇಲೊಮ್ಮೆ ಹೇಳಿದರೆ ಅದು ಅನುವಾದವಾಗುವದೇ ಹೊರತು ಸಂವಾದವಾಗಲಾರದು. ಅದೂ ಅಲ್ಲದೆ ಆ ಶಾಸನದ ಮುಕ್ಕಾಲು ಭಾಗವು ಇಂದು ಇಲ್ಲ. ಸುಮಾರು 1200ರ ಹೊತ್ತಿಗೆ ಹೆಗ್ಗಡೆ ಕಣ್ಣನೆಂಬವನು ತನ್ನ ಎರಡೂವರೆ ಸಾಲನ್ನು ಕೊರೆಯಿಸುವದಕ್ಕಾಗಿ ಕಂಬದ ಮೂರು ಮುಖಗಳನ್ನು ಕೆತ್ತಿಸಿಹಾಕಿದನು. ಗಂಗರ ಮಹಾಮಂತ್ರಿಯ ಜೀವನವೃತ್ತವನ್ನು ಅಳಿಸಿ ತನ್ನ ಹೆಸರನ್ನು ಉಳಿಸಿಕೊಂಡ ಈ ಹೆಗ್ಗಡೆಯನ್ನು ಸಂಶೋಧಕರು ಮರೆಯುವಂತಿಲ್ಲ! ಗೊಮ್ಮಟನ ಅಡಿಯ ಶಾಸನವಾದರೂ ಚಾವುಂಡರಾಜನು ಮಾಡಿಸಿದನೆಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಬಿರುದಿಲ್ಲ, ಪದವಿಯಿಲ್ಲ.

ಹೊಯ್ಸಳರಲ್ಲಿ ಸಾಮಗ್ರಿಯು ಹೆಚ್ಚು ಅನುಕೂಲವಾಗಿದೆ. ಸಿಂದಗೆರೆಯ ಶಾಸನವು ಮರಿಯಾನೆ ದಂಡನಾಯಕನ ಮನೆತನಕ್ಕೆ ಆ ಊರು ಪೀಳಿಗೆಯಿಂದ ಪೀಳಿಗೆಗೆ ಮತ್ತೆ ಮತ್ತೆ ದತ್ತವಾದ ಸಂದರ್ಭಗಳನ್ನು ಹೇಳುತ್ತದೆ. 1103ರಲ್ಲಿ ಒಂದನೆಯ ಬಲ್ಲಾಳನು ಆ ಮನೆಯ ಮೂವರು ಕನ್ಯೆಯರನ್ನು ಒಂದೇ ಹಸೆಯಲ್ಲಿ ಮದುವೆಯಾಗಿ ಮೊಲೆವಾಲ ಋಣಕ್ಕೆ ಸಿಂದಗೆರೆಯನ್ನಿತ್ತನು. ಇಲ್ಲಿ ಪದವಿಗೆ ಮೂಲವು ವಿದ್ಯೆಯೋ ಶೌರ್ಯವೋ ಎಂಬ ಚರ್ಚೆಗಿಂತ ಮೊದಲು ನಂಟಸ್ತಿಕೆಯು ಕಣ್ಣಿಗೆ ಬೀಳುತ್ತದೆ. ಗಂಗರಾಜನ ಮಗನಾದ ಬೊಪ್ಪನು 1133ರಲ್ಲಿ ಹಳೇಬೀಡಿನಲ್ಲಿ ತಂದೆಯ ನೆನಪಿಗಾಗಿ ಕಟ್ಟಿಸಿದ ಬಸದಿಗೆ ತಂದೆಯ ಬಿರುದಾದ ದ್ರೋಹಘರಟ್ಟವೇ ಹೆಸರಾಯಿತು. ಹುಳ್ಳನಾದರೋ ಮೂವರು ಅರಸರ ಕಾಲವನ್ನು ಕಂಡವನು. 1159ರಲ್ಲಿ ಅವನು ಬೆಳ್ಗೊಳದಲ್ಲಿ ಕಟ್ಟಿಸಿದ್ದ ಭಂಡಾರಬಸದಿಗೆ ಒಂದನೆಯ ನರಸಿಂಹನು ಬಂದು ಸವಣೇರನ್ನು ದತ್ತಿಯಾಗಿ ಬಿಟ್ಟು, ಹುಳ್ಳನ ಸಮ್ಯಕ್ತ್ವಚೂಡಾಮಣಿಯೆಂಬ ಬಿರುದಿಗೆ ಹೊಂದುವಂತೆ ಬಸದಿಗೆ ಭವ್ಯಚೂಡಾಮಣಿಯೆಂದು ಹೆಸರಿಟ್ಟನು. ಭಂಡಾರಬಸದಿಯೆಂಬ ಜನರ ಮಾತಿನಲ್ಲಿ ಬಿರುದು ಬಿದ್ದುಹೋಗಿ ಹಿರಿಯ ಭಂಡಾರಿಯ ಅಧಿಕಾರವೇ ಉಳಿದಿರುವದು ಗಮನಿಸತಕ್ಕದ್ದು. ಜಿನಧರ್ಮವನ್ನು ಎತ್ತಿಹಿಡಿದವರಲ್ಲಿ ಮೊದಲು ರಾಯ, ಬಳಿಕ ಗಂಗ, ಬಳಿಕ ಹುಳ್ಳ ಎಂದು ಶಾಸನಕವಿಯು ಮೂವರನ್ನು ಸಾಲಾಗಿ ನಿಲ್ಲಿಸಿದ್ದಾನೆ. ಇದು ಭಕ್ತಿಯ ಪರಂಪರೆಯೇ ಹೊರತು ಅಧಿಕಾರದ ಪರಂಪರೆಯಲ್ಲ. ಚಾವುಂಡರಾಯನಿಗೂ ಗಂಗರಾಜನಿಗೂ ನಡುವೆ ಒಂದು ಶತಮಾನಕ್ಕೂ ಮಿಕ್ಕಿದ ಅಂತರವಿದೆ, ರಾಜವಂಶವೂ ಬೇರೆ. ಈ ಸಾಲನ್ನೇ ಹಿಡಿದು ಜೈನಮಂತ್ರಿಗಳ ಪದವೀಕ್ರಮವನ್ನು ವಿವರಿಸುವದು ಸಾಹಸವೇ ಸರಿ.

ಪಾಶ್ಚಾತ್ಯರಲ್ಲಿ ಈ ಬಗೆಯ ಅಧ್ಯಯನವು ಇಪ್ಪತ್ತನೆಯ ಶತಮಾನದಲ್ಲಿ ಬಹಳ ಬೆಳೆಯಿತು. ನೇಮಿಯರ್ ಎಂಬ ವಿದ್ವಾಂಸರು 1929ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೂರನೆಯ ಜಾರ್ಜ್ ದೊರೆಯು ಪಟ್ಟಕ್ಕೆ ಬಂದ ಕಾಲದ ಇಂಗ್ಲೆಂಡಿನ ಪಾರ್ಲಿಮೆಂಟಿನ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ತೆಗೆದುಕೊಂಡು, ಅವರ ಕುಲವೇನು, ನಂಟರು ಯಾರು, ಆಶ್ರಯದಾತರು ಯಾರು ಎಂದು ವಿಚಾರಿಸಿದರು. ಒಬ್ಬ ಮಹಾಪುರುಷನ ಚರಿತ್ರೆಯಿಂದ ತಿಳಿಯದ ಸಂಗತಿಗಳು ನೂರಾರು ಸಾಮಾನ್ಯರ ಚರಿತ್ರೆಗಳನ್ನು ಕೂಡಿಸಿದಾಗ ತಿಳಿದುಬಂದವು. ಈ ಪದ್ಧತಿಯು ಅನುಕರಣೀಯವಾದದ್ದೇ. ಆದರೆ ಅಲ್ಲಿ ಪತ್ರಗಳಿದ್ದವು, ಲೆಕ್ಕದ ಪುಸ್ತಕಗಳಿದ್ದವು, ಸೋತವರ ಕಾಗದಗಳೂ ಉಳಿದಿದ್ದವು. ಇಲ್ಲಿ ಇರುವದು ದತ್ತಿಯ ಕಲ್ಲು. ದತ್ತಿಯ ಕಲ್ಲನ್ನು ನಿಲ್ಲಿಸುವವನು ಅಧಿಕಾರದಲ್ಲಿರುವವನು. ಪದವಿಯನ್ನು ಕಳೆದುಕೊಂಡ ಮಂತ್ರಿಯು ಕಲ್ಲು ನಿಲ್ಲಿಸುವದಿಲ್ಲ; ಅವನನ್ನು ತೆಗೆದವನಾದರೂ ಅದಕ್ಕೊಂದು ಪ್ರಶಸ್ತಿಯನ್ನು ಬರೆಯಿಸುವದಿಲ್ಲ. ಆದಕಾರಣ ಶಾಸನಗಳನ್ನೆಣಿಸಿದರೆ ಏರಿದವರು ಮಾತ್ರ ದೊರೆಯುವರು, ಇಳಿದವರು ದೊರೆಯರು. ಆ ಎಣಿಕೆಯಿಂದ ಹಳೆಯ ಕನ್ನಡ ರಾಜ್ಯಗಳಲ್ಲಿ ಮಂತ್ರಿಪದವಿಯು ಸ್ಥಿರವಾಗಿದ್ದಿತೆಂದು ತೀರ್ಮಾನಿಸಿದರೆ ಪ್ರಮಾಣದ ದೋಷವನ್ನು ಪ್ರಮೇಯದ ಗುಣವೆಂದು ತಿಳಿದಂತಾಗುವದು.

ಇಳಿದವರ ಮಾತು ಕಾವ್ಯಗಳಲ್ಲಿ ಉಂಟು. ಜಯಸಿಂಹ ಜಗದೇಕಮಲ್ಲನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಸುಮಾರು 1031ರಲ್ಲಿ ವಸುಭಾಗಭಟ್ಟನ ಪಾಠವನ್ನನುಸರಿಸಿ ಪಂಚತಂತ್ರವನ್ನು ಕನ್ನಡಿಸಿದನು. ಆ ಕಥೆಯ ಕರಟಕ ದಮನಕರು ಯಾರು? ಅಧಿಕಾರದಿಂದ ದೂರವಾಗಿ ಮತ್ತೆ ಅರಸನ ಬಳಿಗೆ ಸೇರಲು ದಾರಿಯನ್ನು ಹುಡುಕುತ್ತಿರುವ ಮಂತ್ರಿಕುಮಾರರು. ಕಿಸುಕಾಡಿನ ಸಯ್ಯಡಿಯ ಅಗ್ರಹಾರದಿಂದ ಬಂದು ಚಾಲುಕ್ಯರ ಆಸ್ಥಾನದಲ್ಲಿ ಸಂಧಿವಿಗ್ರಹದ ಕೆಲಸವನ್ನು ಮಾಡಿದವನಿಗೆ ಇಂಥವರ ಮುಖಪರಿಚಯವಿರಲಿಲ್ಲವೆಂದು ಯಾರು ಹೇಳಬಲ್ಲರು? ಆದರೆ ಇದನ್ನು ದುರ್ಗಸಿಂಹನ ಆತ್ಮವೃತ್ತವೆಂದು ಓದುವದು ಮತ್ತೊಂದು ತಪ್ಪು. ಕಥೆಯು ಅವನಿಗಿಂತ ಬಹಳ ಹಳೆಯದು. ಅವನ ಪೀಠಿಕೆಯು ಅವನ ವಿಷಯದಲ್ಲಿ ಸಾಕ್ಷಿ; ಅವನ ನರಿಗಳು ಅಲ್ಲ.

ಒಬ್ಬ ಮಹಾಮಂತ್ರಿಯ ಪತನವನ್ನು ಸವಿಸ್ತರವಾಗಿ ಬರೆದವನು ಪರದೇಶದವನು. ಕುದುರೆಯ ವ್ಯಾಪಾರದ ಸಂಬಂಧದಿಂದ ವಿಜಯನಗರದಲ್ಲಿದ್ದ ಪೋರ್ತುಗೀಜನಾದ ನೂನಿಜ್‌ನು ಸುಮಾರು 1535ರಲ್ಲಿ ಬರೆದ ವೃತ್ತಾಂತದ ಪ್ರಕಾರ, ಕೃಷ್ಣದೇವರಾಯನು ಬಾಲಕನಾದ ಮಗನಿಗೆ ಪಟ್ಟಗಟ್ಟಿದ ಬಳಿಕ ಆ ಮಗನು ವಿಷದಿಂದ ಸತ್ತನು. ಅಪವಾದವು ಸಾಳುವ ತಿಮ್ಮರಸನ ಮನೆತನದ ಮೇಲೆ ಬಂದಿತು. ಸೆರೆಯಾದ ಮಂತ್ರಿಯ ಕಣ್ಣುಗಳನ್ನು ಕೀಳಿಸಲಾಯಿತು. ಕನ್ನಡದಲ್ಲಿ ಇದು ನಾಟಕಗಳಿಗೂ ಪಾಠಗಳಿಗೂ ವಸ್ತುವಾಗಿದೆ. ಆದರೆ ಇದೇ ನೂನಿಜ್‌ನು ಇದೇ ವೃತ್ತಾಂತದ ಮೊದಲಲ್ಲಿ ಇನ್ನೊಂದು ಮಾತನ್ನು ಹೇಳಿದ್ದಾನೆ. ಸಾಯುತ್ತಿದ್ದ ವೀರನರಸಿಂಹನು ತಮ್ಮನಾದ ಕೃಷ್ಣದೇವನ ಕಣ್ಣುಗಳನ್ನು ಕೀಳಿಸಿ ತಂದು ತೋರಿಸೆಂದು ಆಜ್ಞಾಪಿಸಲು, ತಿಮ್ಮರಸನು ಆಡಿನ ಕಣ್ಣುಗಳನ್ನು ತೋರಿಸಿ ಅವನನ್ನುಳಿಸಿದನಂತೆ. ಕಣ್ಣನ್ನುಳಿಸಿದವನ ಕಣ್ಣೇ ಕೊನೆಗೆ ಹೋಯಿತು! ಕಾವ್ಯದಲ್ಲಿಯಾದರೆ ಇದಕ್ಕಿಂತ ಉಚಿತವಾದ ಸಂಧಿಯು ದೊರೆಯಲಾರದು. ಆದುದರಿಂದಲೇ ಚರಿತ್ರೆಯಲ್ಲಿ ಇದನ್ನು ಕಂಡಾಗ ಎಚ್ಚರವು ಬೇಕು. ಆದಿಯೂ ಅಂತ್ಯವೂ ಇಷ್ಟು ಚೆನ್ನಾಗಿ ಒಪ್ಪುವ ಕಥೆಯು ಬರಹಗಾರನ ಕಿವಿಗೆ ಬೀಳುವ ಮೊದಲೇ ಹತ್ತು ಬಾಯಿಗಳಲ್ಲಿ ತಿರುಗಿ ನಯವಾಗಿರುವ ಸಂಭವವೇ ಹೆಚ್ಚು. ಇದರಿಂದ ಪದಚ್ಯುತಿಯೂ ಸೆರೆಯೂ ಸುಳ್ಳೆಂದಾಗಲಿಲ್ಲ. ನೂನಿಜ್‌ನು ಆ ಕಾಲಕ್ಕೆ ಹತ್ತಿರದವನು, ಅರಮನೆಯನ್ನು ಹೊಗಳಿ ಅವನಿಗೆ ಆಗಬೇಕಾದುದೇನೂ ಇರಲಿಲ್ಲ. ಸೆರೆಯನ್ನು ಒಪ್ಪಿ ಕಣ್ಣಿನ ಕಥೆಯನ್ನು ಬೇರೆಯಾಗಿ ತೂಗಬೇಕೆಂಬುದಷ್ಟೇ ಇಲ್ಲಿಯ ಅಭಿಪ್ರಾಯ. ಬಾಲಭಾರತಕ್ಕೆ ವ್ಯಾಖ್ಯಾನವನ್ನು ಬರೆದ ವಿದ್ವಾಂಸನೆಂಬುದಕ್ಕಿಂತ ಕಣ್ಣು ಕಳೆದುಕೊಂಡ ಮುದುಕನೆಂದೇ ವಿದ್ಯಾರ್ಥಿಗಳು ಅವನನ್ನು ಅರಿತಿರುವದು ವಿಷಾದಕರ.

ಎಲ್ಲಕ್ಕೂ ಕಠಿನವಾದ ಪ್ರಶ್ನೆಯು ಬಸವಣ್ಣನವರದು. ಕಲಚುರಿ ಬಿಜ್ಜಳನಲ್ಲಿ ಅವರಿಗಿದ್ದ ಅಧಿಕಾರವನ್ನು ಕಾವ್ಯಗಳು ಒಕ್ಕೊರಲಿನಿಂದ ಹೇಳುತ್ತವೆ. ಬಿಜ್ಜಳನ ಕಾಲದ ಶಾಸನಗಳು ಅದನ್ನು ಸ್ಪಷ್ಟವಾಗಿ ಹೇಳುವದಿಲ್ಲ. 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದು ಈಗ ಹಾವೇರಿ ಜಿಲ್ಲೆಯಲ್ಲಿರುವ ಅಬ್ಬಲೂರಿನ ಶಾಸನಗಳನ್ನು ಪ್ರಕಟಿಸುವಾಗ ಫ್ಲೀಟ್ ಸಾಹೇಬರು ಈ ಮೌನವನ್ನೇ ಮುಂದಿಟ್ಟು, ಶೈವಮತೋಜ್ಜೀವನದ ಪ್ರಾಧಾನ್ಯವನ್ನು ಆ ಶಾಸನಗಳಲ್ಲಿ ಬರುವ ಏಕಾಂತದ ರಾಮಯ್ಯನಿಗೆ ಕೊಟ್ಟು, ಬಸವಣ್ಣನವರ ವೃತ್ತಾಂತವನ್ನು ಸಂದೇಹಕ್ಕೊಳಪಡಿಸಿದರು. ಪೂರ್ವಪಕ್ಷವು ಪ್ರಬಲವಾದದ್ದು, ಭಕ್ತಿಯಿಂದ ಕೋಪಿಸಿಕೊಂಡರೆ ಅದಕ್ಕೆ ಉತ್ತರವಾಗುವದಿಲ್ಲ.

ಉತ್ತರವು ಅನುಪಲಬ್ಧಿಯ ವಿಚಾರದಲ್ಲಿದೆ. ಕಾಣದಿರುವದೂ ಒಂದು ಪ್ರಮಾಣವೆಂದು ಭಾಟ್ಟರು ಒಪ್ಪಿದರು. ಆದರೆ ಕಾಣಲು ಯೋಗ್ಯವಾದ ವಸ್ತುವು ಕಾಣದಿದ್ದರೆ ಮಾತ್ರ. ಹಗಲಲ್ಲಿ ನೆಲದ ಮೇಲೆ ಕೊಡವು ಕಾಣದಿದ್ದರೆ ಕೊಡವಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳಲಾಗದು. ಬಿಜ್ಜಳನ ಕಾಲದ ಶಾಸನಗಳಲ್ಲಿ ಭಂಡಾರಿಯಾದವನು ಕಾಣಲು ಯೋಗ್ಯನೇ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ. ಆ ಶಾಸನಗಳು ಬಹುತೇಕ ಗುಡಿಗಳ ದತ್ತಿಗಳು. ಅವುಗಳಲ್ಲಿ ಬರುವವರು ಆಳುವ ಅರಸ, ಆ ನಾಡಿನ ದಂಡನಾಯಕ, ಸುಂಕವನ್ನು ಬಿಟ್ಟವನು, ಗುಡಿಯನ್ನು ಕಟ್ಟಿಸಿದವನು, ದತ್ತಿಯನ್ನು ಹಿಡಿದ ಆಚಾರ್ಯ. ಏಕಾಂತದ ರಾಮಯ್ಯನು ಗುಡಿಯನ್ನು ಕಟ್ಟಿಸಿದನು, ಅದಕ್ಕೆ ದತ್ತಿಯು ದೊರೆಯಿತು, ಆದುದರಿಂದ ಅವನು ಕಲ್ಲಿನಲ್ಲಿದ್ದಾನೆ. ಸ್ಥಾವರವನ್ನು ಕೈಬಿಟ್ಟು ಜಂಗಮವನ್ನು ಹಿಡಿದವರು, ಉಳ್ಳವರು ಕಟ್ಟುವ ದೇವಾಲಯಕ್ಕೆ ದೇಹವನ್ನೇ ಪ್ರತಿಯಾಗಿ ನಿಲ್ಲಿಸಿದವರು, ಯಾವ ದೇವಾಲಯದ ಕಲ್ಲಿನಲ್ಲಿ ತಮ್ಮ ಪದವಿಯನ್ನು ಬರೆಯಿಸಬೇಕಾಗಿತ್ತು? ಇಲ್ಲಿ ಯೋಗ್ಯತೆಯೇ ಇಲ್ಲ. ಅಂದಮೇಲೆ ಅನುಪಲಬ್ಧಿಯು ಅಭಾವವನ್ನು ಸಾಧಿಸಲಾರದು. ಫ್ಲೀಟರ ಲೇಖನದ ತರುವಾಯ ಬೆಳಕಿಗೆ ಬಂದ, ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನವು ಬಸವಣ್ಣನವರನ್ನು ಹೆಸರಿಸುತ್ತದೆ. ಅದು ಸಮಕಾಲೀನವಲ್ಲವಾದರೂ ಕಲ್ಲಿನ ಮೌನವು ಪೂರ್ಣವಲ್ಲವೆಂಬುದಕ್ಕೆ ಸಾಕು. ಮತ್ತೊಂದು ಮಾತು. ಕಾವ್ಯಗಳಲ್ಲಿ ಪವಾಡಗಳಿವೆಯೆಂದು ಅವುಗಳನ್ನು ತಳ್ಳಿಹಾಕುವದಾದರೆ, ತಲೆಯನ್ನು ಕಡಿದುಕೊಂಡು ಮರಳಿ ಪಡೆದ ಕಥೆಯು ಅಬ್ಬಲೂರಿನ ಕಲ್ಲಿನಲ್ಲಿಯೇ ಇದೆ. ಅರ್ಥವಾದಕ್ಕೆ ಓಲೆ ಬೇರೆ, ಕಲ್ಲು ಬೇರೆ ಎಂಬ ಭೇದವಿಲ್ಲ.

ಇದರಿಂದ ಬಸವಣ್ಣನವರ ಪದವಿಯು ಸಿದ್ಧವಾಯಿತೆಂದಲ್ಲ, ಅದನ್ನು ನಿರಾಕರಿಸುವ ಹೇತುವು ಬಿದ್ದುಹೋಯಿತೆಂದು ಮಾತ್ರ. ಸಾಧಕಪ್ರಮಾಣವನ್ನು ಬೇರೆ ಕಡೆಗೆ ಹುಡುಕಬೇಕು. ಫ. ಗು. ಹಳಕಟ್ಟಿಯವರು 1923ರಿಂದ ಪ್ರಕಟಿಸಿದ ವಚನಗಳಲ್ಲಿ, ಭವಿಯಾದ ಬಿಜ್ಜಳನ ಗದ್ದುಗೆಯ ಕೆಳಗೆ ಕುಳಿತು ಓಲೈಸುವನೆಂಬ ನಿಂದೆಗೆ ಬಸವಣ್ಣನವರು ಉತ್ತರ ಕೊಡುವ ವಚನವಿದೆ. ಇಲ್ಲಿ ಹೊಗಳಿಕೆಯಿಲ್ಲ; ನಾಚಿಕೆಯ ಪ್ರಸಂಗವಿದೆ. ಪದವಿಯನ್ನು ಸಾರುವದು ಈ ವಚನದ ಉದ್ದೇಶವೇ ಅಲ್ಲ. ಆದರೂ ಪದವಿಯು ಅದರಲ್ಲಿ ತಾನಾಗಿ ಕಾಣುತ್ತದೆ. ಇಂಥ ಲಿಂಗವು ಹತ್ತು ಬಿರುದುಗಳಿಗಿಂತ ಬಲವಾದದ್ದು. ವಚನದ ಪಾಠಶುದ್ಧಿಯು ಅದಕ್ಕೆ ಬೇಕಾದ ಮೊದಲ ಪರೀಕ್ಷೆ.

ಪದವಿಗೆ ಬಂದ ಬಗೆಯನ್ನು ಕುರಿತು ಕಾವ್ಯಗಳಲ್ಲಿಯೇ ಭೇದವಿದೆ. ಹರಿಹರನ ರಗಳೆಯಲ್ಲಿ ಬಸವಣ್ಣನವರು ಕಪ್ಪಡಿಸಂಗಮದಿಂದ ಮಂಗಳವಾಡಕ್ಕೆ ಬಂದು, ಕರಣಿಕರ ಲೆಕ್ಕದ ತಪ್ಪನ್ನು ತೋರಿಸಿ, ಸಿದ್ಧದಂಡಾಧಿಪನ ಕಣ್ಣಿಗೆ ಬಿದ್ದು, ಅವನ ತರುವಾಯ ಭಂಡಾರದ ಅಧಿಕಾರವನ್ನು ಪಡೆಯುತ್ತಾರೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, 1369ರಲ್ಲಿ ಅದನ್ನು ಕನ್ನಡಕ್ಕೆ ತಂದ ಭೀಮಕವಿಯಲ್ಲಿಯೂ, ಮಂತ್ರಿಯಾದ ಬಲದೇವನು ಮಗಳನ್ನು ಕೊಟ್ಟವನು; ಅವನು ತೀರಿದ ಮೇಲೆ ಆ ಪದವಿಯು ಅಳಿಯನಿಗೆ ಬರುತ್ತದೆ. ಒಂದರಲ್ಲಿ ಕರಣಿಕವಿದ್ಯೆ, ಇನ್ನೊಂದರಲ್ಲಿ ನಂಟಸ್ತಿಕೆ. ಎರಡನ್ನೂ ಬೆರೆಸಿ ಒಂದೇ ವೃತ್ತಾಂತವನ್ನಾಗಿ ಮಾಡುವದು ಪಠ್ಯಪುಸ್ತಕಗಳ ರೂಢಿ. ಅದು ಸಮನ್ವಯವಲ್ಲ, ಸಂಕರ.

ಹರಿಹರನು ಕಾಲದಲ್ಲಿ ಹತ್ತಿರದವನಾದುದರಿಂದ ಅವನ ಮಾತಿಗೆ ಮೊದಲ ಮಣೆಯನ್ನು ಹಾಕುವದು ಸಹಜ. ಆದರೆ 1909ರಲ್ಲಿ ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಮುದ್ರಿಸಿ ಪ್ರಕಟಿಸಿದ ಅರ್ಥಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಒಂದು ಶಂಕೆಯು ಹುಟ್ಟದಿರದು. ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಉಪಧೆಗಳಿಂದ ಅಮಾತ್ಯರನ್ನು ಪರೀಕ್ಷಿಸಬೇಕೆಂದೂ, ಅರ್ಥೋಪಧೆಯಲ್ಲಿ ಶುದ್ಧನಾದವನನ್ನು ಸಮಾಹರ್ತೃ ಸನ್ನಿಧಾತೃಗಳ ಕೆಲಸದಲ್ಲಿ, ಎಂದರೆ ವಸೂಲಿಯಲ್ಲಿಯೂ ಭಂಡಾರದಲ್ಲಿಯೂ ನಿಯಮಿಸಬೇಕೆಂದೂ ಕೌಟಿಲ್ಯನ ವಿಧಿ. ಹರಿಹರನ ಕಥೆಯಲ್ಲಿ ಲೆಕ್ಕದ ಪರೀಕ್ಷೆಯಾಗಿ ಭಂಡಾರವು ದೊರೆಯುತ್ತದೆ; ಮುಂದೆ ಭಂಡಾರವನ್ನು ಜಂಗಮರಿಗೆ ಸೂರೆಮಾಡಿದರೆಂಬ ಚಾಡಿಯ ಮೇಲೆ ಮತ್ತೊಮ್ಮೆ ಪರೀಕ್ಷೆಯಾಗಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಶಾಸ್ತ್ರದ ಅಚ್ಚಿಗೆ ಕಥೆಯು ಇಷ್ಟು ಸರಿಯಾಗಿ ಕೂಡುವದರಿಂದ, ನಡೆದದ್ದು ಹೀಗೆಯೋ, ನಡೆಯಬೇಕಾದದ್ದು ಹೀಗೆಂದು ಕವಿಯ ಕಾಲದ ಜನರು ನಂಬಿದ್ದರೋ ಎಂಬ ವಿಕಲ್ಪವು ಉಳಿಯುತ್ತದೆ. ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದ ಮಂತ್ರಿಲಕ್ಷಣಗಳನ್ನು ಚಾಲುಕ್ಯಮಂತ್ರಿಗಳ ವಾಸ್ತವವೆಂದು ಎತ್ತಿ ಹೇಳುವವರೂ ಇದನ್ನು ನೆನೆಯಬೇಕು. ವಿಧಿಯು ಸಾಧ್ಯವನ್ನು ಹೇಳುತ್ತದೆ, ಸಿದ್ಧವನ್ನಲ್ಲ.

ಲೆಕ್ಕದಿಂದ ಮಂತ್ರಿಪದವಿಗೆ ಏರುವದು ಅಸಂಭವವೇ ಎಂದರೆ, ಅಲ್ಲ. ಹೈದರನ ಸೇನೆಗೆ ಸಾಮಗ್ರಿಯನ್ನೊದಗಿಸುತ್ತಿದ್ದ ವರ್ತಕನ ಬಳಿಯಲ್ಲಿ ಲೆಕ್ಕ ಬರೆಯುತ್ತಿದ್ದ ಪೂರ್ಣಯ್ಯನು ಹೈದರ, ಟಿಪ್ಪು ಇಬ್ಬರಲ್ಲಿಯೂ ಇದ್ದು, 1799ರಿಂದ 1811ರವರೆಗೆ ಮೈಸೂರಿನ ದಿವಾನನಾಗಿದ್ದನು. ಆದರೆ ಹದಿನೆಂಟನೆಯ ಶತಮಾನದಲ್ಲಿ ಆದದ್ದು ಹನ್ನೆರಡನೆಯ ಶತಮಾನದಲ್ಲಿಯೂ ಆಗಿರಬಹುದೆಂಬುದು ಸಂಭಾವನೆ; ಸಂಭಾವನೆಯು ಬಾಧಕವನ್ನು ತೆಗೆಯಬಲ್ಲುದು, ಸಾಧಕವಾಗಲಾರದು. ಮಂಗಳವಾಡದ ಸುತ್ತಲಿನ ಕಲಚುರಿ ಶಾಸನಗಳಲ್ಲಿ ಭಂಡಾರಿ, ಕರಣಿಕ, ದಂಡನಾಯಕ ಎಂಬ ಶಬ್ದಗಳು ಬಂದ ಪ್ರತಿಯೊಂದು ಸ್ಥಳವನ್ನೂ ವರ್ಷ, ಊರು, ಯಾರ ಪಾದಪದ್ಮೋಪಜೀವಿ, ಕಲ್ಲನ್ನು ನಿಲ್ಲಿಸಿದವರು ಯಾರು ಎಂಬುದರೊಡನೆ ಒಂದು ಕಡೆಗೆ ಬರೆದಿಟ್ಟು, ಬಲದೇವ ಸಿದ್ಧದಂಡಾಧಿಪರೆಂಬ ಹೆಸರುಗಳನ್ನು ಅಲ್ಲಿ ಹುಡುಕಿದ ಮೇಲೆಯೇ ಹರಿಹರ ಸೋಮನಾಥರಲ್ಲಿ ಯಾರ ಮಾತು ನಿಲ್ಲುವದೆಂದು ವಿಚಾರಿಸಲು ಅವಕಾಶವುಂಟು. ಅಲ್ಲಿಯವರೆಗೆ ಪಾಠ ಹೇಳುವವರು ಎರಡು ಕಥೆಗಳನ್ನೂ ಎರಡಾಗಿಯೇ ಹೇಳುವದು ಉಚಿತ.